ತೂಕಕ್ಕೆ ಹಾಕುವ ಮೊದಲು ಹಂಡೆಯ ಕಂಠವನ್ನು ಓದಿ

ಮಾನ್ಯ ಸಂಪಾದಕರೇ,

ಕಳೆದ ತಿಂಗಳು ಗದಗಿನ ಪೇಟೆಯಲ್ಲಿ, ಹಳೆಯ ತಾಮ್ರ ಹಿತ್ತಾಳೆಯನ್ನು ತೂಕದ ಮೇಲೆ ಕೊಳ್ಳುವ ಅಂಗಡಿಯೊಂದರ ಮುಂದೆ ನಾನು ನಿಂತಿದ್ದಾಗ, ನಡುವಯಸ್ಸಿನ ದಂಪತಿಗಳು ಆಟೋದಿಂದ ದೊಡ್ಡದೊಂದು ತಾಮ್ರದ ಹಂಡೆಯನ್ನು ಇಳಿಸಿ ಕಾಂಟಾದ ಮೇಲೆ ಇಡಿಸಿದರು. ನೀರು ಕಾಯಿಸಿ ಕಾಯಿಸಿ ತಳ ಕಪ್ಪಾಗಿದ್ದ ಆ ಹಂಡೆಯ ಕಂಠದ ಸುತ್ತ, ಚುಕ್ಕೆ ಚುಕ್ಕೆಯಾಗಿ ಕೊರೆದ ಒಂದು ಸಾಲು ಬರಹವಿತ್ತು. ಕನ್ನಡಕ ಏರಿಸಿಕೊಂಡು ಹತ್ತಿರ ಹೋಗಿ ನೋಡಿದೆ. ಒಬ್ಬ ಹೆಣ್ಣುಮಗಳ ಹೆಸರು, ಹಾನಗಲ್ಲ ಸೀಮೆಯ ಒಂದು ಊರು, ಶಕೆ 1853, ವೈಶಾಖ ಮಾಸ. ಅಂದರೆ 1931ರ ಬೇಸಿಗೆ. ಈ ಹೆಸರು ಯಾರದೆಂದು ಆ ದಂಪತಿಗಳನ್ನು ಕೇಳಿದೆ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡು, 'ಬರದದ್ದು ಇತ್ತೇನ್ರಿ? ನಾವು ನೋಡೇ ಇಲ್ಲ' ಎಂದರು. ಅಂಗಡಿಯವರು ಸಜ್ಜನರು, ಹತ್ತು ನಿಮಿಷ ಕಾದು, ಬಿಳಿ ಕಾಗದ ಹಚ್ಚಿ ಪೆನ್ಸಿಲ್ ತಿಕ್ಕಿ ಬರಹದ ಪಡಿಯಚ್ಚು ತೆಗೆದುಕೊಳ್ಳಲು ಅವಕಾಶ ಕೊಟ್ಟರು. ದಂಪತಿಗಳು ಹಣ ಎಣಿಸಿಕೊಂಡು ಹೋದರು. ಅವರನ್ನು ನಾನು ದೂರುವುದಿಲ್ಲ. ಎರಡು ಕೋಣೆಯ ಮನೆಯಲ್ಲಿ ಹತ್ತು ಕೊಡ ನೀರು ಹಿಡಿಯುವ ಹಂಡೆಯನ್ನು ಎಲ್ಲಿ ಇಟ್ಟುಕೊಳ್ಳುವುದು ಎಂಬುದು ನಿಜವಾದ ತೊಂದರೆಯೇ. ಮಾರುವುದಾದರೆ ಮಾರಲಿ, ಆದರೆ ಓದಿ ಬರೆದಿಟ್ಟುಕೊಂಡು ಮಾರಲಿ ಎಂಬ ಒಂದೇ ಮಾತನ್ನು ತಮ್ಮ ಪತ್ರಿಕೆಯ ಮೂಲಕ ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಭಾಗದ ಮನೆಮನೆಗೆ ಮುಟ್ಟಿಸಬೇಕೆಂದು ಈ ಪತ್ರ ಬರೆಯುತ್ತಿದ್ದೇನೆ.

ನಮ್ಮ ಭಾಗದಲ್ಲಿ ಮದುವೆ, ಕುಪ್ಪಸ, ತೊಟ್ಟಿಲು ಕಾರ್ಯಗಳಿಗೆ ಆಹೇರಿಯಾಗಿ, ಮುಯ್ಯವಾಗಿ ಪಾತ್ರೆ ಕೊಡುವ ರೂಢಿ ಎಷ್ಟು ಗಟ್ಟಿಯಾಗಿತ್ತೆಂಬುದನ್ನು ಐವತ್ತು ದಾಟಿದ ಯಾರಿಗೂ ನೆನಪಿಸಬೇಕಾಗಿಲ್ಲ. ಕೊಡ, ತಂಬಿಗೆ, ಪರಾತ, ಬೋಗುಣಿ ಏನೇ ಇರಲಿ, ಹೆಸರು ಹಾಕಿಸದೆ ಅಂಗಡಿಯಿಂದ ಹೊರಗೆ ಬರುತ್ತಿರಲಿಲ್ಲ. ಓಣಿಯಲ್ಲಿ ಯಾರ ಮನೆಯಲ್ಲಿ ಕಾರ್ಯವಿದ್ದರೂ ಹತ್ತಾರು ಮನೆಗಳ ಪಾತ್ರೆಗಳು ಒಂದೇ ಅಡಿಗೆ ಚಪ್ಪರದಲ್ಲಿ ಸೇರುತ್ತಿದ್ದುದರಿಂದ, ಮರುದಿನ ತಿಕ್ಕಿ ತೊಳೆದು ಹಂಚುವಾಗ ಯಾರದು ಯಾರಿಗೆ ಎಂಬುದು ತಿಳಿಯಬೇಕಲ್ಲ, ಅದಕ್ಕಾಗಿ ಈ ಬರಹ. ಚರಿತ್ರೆಯನ್ನು ಉಳಿಸಬೇಕೆಂಬ ಉದ್ದೇಶ ಕೊರೆಸಿದವರಿಗೂ ಇರಲಿಲ್ಲ, ಕೊರೆದವರಿಗೂ ಇರಲಿಲ್ಲ. ಹಾಗಾಗಿಯೇ ಅದು ನಂಬತಕ್ಕದ್ದು ಎಂಬುದು ನನ್ನ ಅಭಿಪ್ರಾಯ. ಹೊಲದ ಕಾಗದದಲ್ಲಿ ಸುಳ್ಳು ಬರೆಸುವುದಕ್ಕೆ ಕಾರಣಗಳಿರುತ್ತವೆ. ನೀರಿನ ತಂಬಿಗೆಯ ಮೇಲೆ ಸುಳ್ಳು ಹೆಸರು ಕೊರೆಸುವ ಅಗತ್ಯ ಯಾರಿಗೆ ಬಂದೀತು?

ಇದಕ್ಕಿಂತ ದೊಡ್ಡ ಸಂಗತಿಯೊಂದಿದೆ. ಮನೆತನದ ಮೂಲ ಹುಡುಕಲು ಹೊರಟವರು ಮೊದಲು ಹೋಗುವುದು ಕಂದಾಯದ ಕಾಗದಗಳ ಕಡೆಗೆ. ಪಹಣಿ, ಹಕ್ಕು ಬದಲಾವಣೆಯ ಡೈರಿ, ಆಸ್ತಿ ಹಂಚಿಕೊಂಡ ವಾಟ್ನಿ ಪತ್ರ, ವತನದ ಕಾಗದ, ಇವೆಲ್ಲ ಹೊಲದ ಬೆನ್ನು ಹತ್ತಿ ನಡೆಯುವಂಥವು. ಹೊಲ ಗಂಡುಮಕ್ಕಳಿಗೆ ಹೋದ ಕಡೆ ಹೆಸರೂ ಗಂಡುಮಕ್ಕಳದ್ದೇ ಹೋಯಿತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ, ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಜನ್ಮದಿಂದಲೇ ಪಾಲು ಕೊಟ್ಟ ಕರ್ನಾಟಕದ 1994ರ ತಿದ್ದುಪಡಿ, ದೇಶಕ್ಕೆಲ್ಲ ಅನ್ವಯಿಸಿದ 2005ರ ತಿದ್ದುಪಡಿ, ಇವೆಲ್ಲ ಬರುವುದಕ್ಕಿಂತ ಹಿಂದಿನ ನಮ್ಮ ಮುತ್ತಜ್ಜಿಯರು ಸರಕಾರಿ ಕಾಗದದಲ್ಲಿ ಕಾಣಿಸಿಕೊಂಡರೆ ಸಾಮಾನ್ಯವಾಗಿ ಒಂದೇ ರೀತಿಯಲ್ಲಿ: ಗಂಡ ತೀರಿಕೊಂಡು, ಮಕ್ಕಳು ಇನ್ನೂ ಅಜ್ಞಾನರಿದ್ದಾಗ, ಅಂದರೆ ಪ್ರಾಯಕ್ಕೆ ಬಾರದಿದ್ದಾಗ, ಅವರ ಪಾಲಕಿ ಎಂಬ ಕಾರಣಕ್ಕೆ. ಮಗ ಪ್ರಾಯಕ್ಕೆ ಬಂದ ಕೂಡಲೇ ಆ ಹೆಸರು ಕಾಗದದಿಂದ ಇಳಿದುಹೋಗುತ್ತದೆ. ಆಕೆಯ ತವರೂರು ಯಾವುದು, ತಂದೆ ಯಾರು, ಹುಟ್ಟಿದಾಗ ಇಟ್ಟ ಹೆಸರೇನು ಎಂಬುದಕ್ಕೆ ಆ ಕಾಗದದಲ್ಲಿ ಕಾಲಮ್ಮೇ ಇಲ್ಲ. ನಮ್ಮ ಅನೇಕ ಮನೆತನಗಳಲ್ಲಿ ಮದುವೆಯಾದ ದಿನವೇ ಅಕ್ಕಿಯಲ್ಲಿ ಹೊಸ ಹೆಸರು ಬರೆಯಿಸಿ ಸೊಸೆಯ ಹೆಸರನ್ನು ಬದಲಿಸುವ ಪದ್ಧತಿ ಇತ್ತು, ಈಗಲೂ ಕೆಲವು ಕಡೆ ಇದೆ. ಹೀಗಾಗಿ ಒಬ್ಬಳೇ ಹೆಣ್ಣುಮಗಳು ತವರಿನವರ ನೆನಪಿನಲ್ಲಿ ಒಂದು ಹೆಸರಾಗಿ, ಗಂಡನ ಮನೆಯವರ ನೆನಪಿನಲ್ಲಿ ಮತ್ತೊಂದು ಹೆಸರಾಗಿ ಉಳಿದು, ಎರಡೂ ಕಡೆಯವರು ತೀರಿಕೊಂಡ ಮೇಲೆ ಇಬ್ಬರು ಬೇರೆ ಬೇರೆ ಹೆಂಗಸರಾಗಿಬಿಡುತ್ತಾಳೆ. ಆಕೆಯ ಎರಡು ಹೆಸರುಗಳ ನಡುವಿನ ದಾರಿ ಉಳಿದಿರುವುದು ಅಡಿಗೆಮನೆಯ ತಾಮ್ರ ಹಿತ್ತಾಳೆಯ ಮೇಲೆ.

ಇದು ನನ್ನ ಊಹೆಯೆಂದು ಯಾರಾದರೂ ತಿಳಿದಾರು. ಹಾಗಾಗಿ ನಮ್ಮ ಮನೆಯಲ್ಲಿ ಆದದ್ದನ್ನೇ ಹೇಳುತ್ತೇನೆ. ನಮ್ಮದು ರೋಣ ತಾಲ್ಲೂಕಿನ ಒಕ್ಕಲುತನದ ಮನೆ. ಎಂಟು ವರ್ಷಗಳ ಹಿಂದೆ ಹಳ್ಳಿಯ ಮಣ್ಣಿನ ಮಾಳಿಗೆ ಮನೆಯನ್ನು ಬಿಚ್ಚುವಾಗ, ಅಟ್ಟದ ಮೂಲೆಯಲ್ಲಿ ಗೋಣಿಚೀಲದೊಳಗೆ ಸುತ್ತಿಟ್ಟಿದ್ದ ಪಾತ್ರೆಗಳ ನಡುವೆ ಒಂದು ಹಿತ್ತಾಳೆ ತಂಬಿಗೆ ಸಿಕ್ಕಿತು. ಅದರ ಮೇಲೆ 'ಶಕೆ 1817' ಎಂದಿತ್ತು, 'ಕುಂದಗೋಳ' ಎಂದಿತ್ತು, ಮತ್ತು ನಮ್ಮ ಮನೆಯಲ್ಲಿ ಯಾರೂ ಎಂದೂ ಕೇಳಿರದ ಒಂದು ಹೆಣ್ಣುಹೆಸರಿತ್ತು. ನನ್ನ ಅಣ್ಣ, ಇದು ಯಾರದೋ ಮನೆಯ ತಂಬಿಗೆ, ಯಾವುದೋ ಮದುವೆಯಲ್ಲಿ ಅದಲುಬದಲಾಗಿ ಬಂದಿರಬೇಕು ಎಂದು ಬದಿಗಿಟ್ಟರು. ಕುಂದಗೋಳದಲ್ಲಿ ನಮಗೆ ಸಂಬಂಧಿಕರೇ ಇರಲಿಲ್ಲ. ಮುತ್ತಜ್ಜಿಯ ಹೆಸರು ನಮಗೆಲ್ಲ ಗೊತ್ತಿತ್ತು; 1918ರ ಇನ್‌ಫ್ಲುಯೆಂಜಾದಲ್ಲಿ ಮುತ್ತಜ್ಜ ತೀರಿಕೊಂಡ ಮರುವರ್ಷ ಹೊಲದ ಡೈರಿಯಲ್ಲಿ ಅಜ್ಞಾನ ಮಕ್ಕಳ ಪಾಲಕಿಯಾಗಿ ಆಕೆಯ ಹೆಸರು ದಾಖಲಾಗಿತ್ತು. ಆ ಹೆಸರಿಗೂ ತಂಬಿಗೆಯ ಹೆಸರಿಗೂ ಒಂದಕ್ಷರವೂ ಹೊಂದಿಕೆಯಿರಲಿಲ್ಲ.

ಶಕೆಗೆ 78 ಕೂಡಿಸಿದರೆ ಇಸವಿ ಬರುತ್ತದೆ. 1817 ಎಂದರೆ 1895. ಆ ವರ್ಷ ನಮ್ಮ ಮನೆಯಲ್ಲಿ ಮದುವೆಯಾಗಬಹುದಾಗಿದ್ದ ಗಂಡು ಒಬ್ಬನೇ, ನಮ್ಮ ಮುತ್ತಜ್ಜ. ಈ ಒಂದು ಲೆಕ್ಕ ತಲೆಯಲ್ಲಿ ಕುಳಿತ ಮೇಲೆ ನನಗೆ ಸುಮ್ಮನಿರಲಾಗಲಿಲ್ಲ. ಕುಂದಗೋಳ ಆಗ ಬ್ರಿಟಿಷರ ಧಾರವಾಡ ಜಿಲ್ಲೆಗೆ ಸೇರಿರಲಿಲ್ಲ. ಜಮಖಂಡಿ ಸಂಸ್ಥಾನದ ಆಡಳಿತದಲ್ಲಿತ್ತು. ಶಿರಹಟ್ಟಿ ಸಾಂಗಲಿಯವರದು, ಸವಣೂರು ನವಾಬರದು. ಬಂಡಿಯಲ್ಲಿ ಬೆಳಿಗ್ಗೆ ಹೊರಟು ಸಂಜೆಗೆ ಮುಟ್ಟುವ ಊರುಗಳ ನಡುವೆ ರಾಜ್ಯಗಳೇ ಬದಲಾಗುತ್ತಿದ್ದವು, ಆದರೆ ಹೆಣ್ಣು ಕೊಡುವುದಕ್ಕೆ ತರುವುದಕ್ಕೆ ಆ ಗಡಿಗಳು ಅಡ್ಡ ಬರುತ್ತಿರಲಿಲ್ಲ. ತಮ್ಮ ಹಿರಿಯರ ಕಾಗದಗಳನ್ನು ಧಾರವಾಡ ಜಿಲ್ಲೆಯ ದಫ್ತರುಗಳಲ್ಲಷ್ಟೇ ಹುಡುಕಿ ಸಿಗದೆ ಕೈಬಿಟ್ಟವರು ಈ ಸಂಗತಿಯನ್ನು ಗಮನಿಸಬೇಕು. 1948ರಲ್ಲಿ ಸಂಸ್ಥಾನಗಳು ವಿಲೀನವಾಗುವವರೆಗೆ ನಮ್ಮ ಅರ್ಧ ನಂಟಸ್ತಿಕೆ ಬೇರೆ ದೊರೆಗಳ ಮುದ್ರೆಯ ಕೆಳಗಿತ್ತು.

ನಾನು ಕುಂದಗೋಳಕ್ಕೆ ನಾಲ್ಕು ಸಲ ಹೋದೆ. ಮೊದಲ ಮೂರು ಸಲ ಏನೂ ಸಿಗಲಿಲ್ಲ. ವಯಸ್ಸಾದವರು ಕುಳ್ಳಿರಿಸಿ ಚಹಾ ಕೊಟ್ಟು ತಮ್ಮ ಮನೆತನದ ಕಥೆ ಹೇಳಿ ಕಳಿಸಿದರು. ನಾಲ್ಕನೆಯ ಸಲ, ಹಿಂದೆ ಹತ್ತಿಯ ವ್ಯಾಪಾರ ಮಾಡಿಕೊಂಡಿದ್ದ ಒಂದು ಮನೆಯವರು ಕೆಂಪು ಬಟ್ಟೆಯಲ್ಲಿ ಕಟ್ಟಿದ್ದ ಹಳೆಯ ಕಿರ್ದಿಗಳ, ಅಂದರೆ ಲೆಕ್ಕದ ಪುಸ್ತಕಗಳ, ಗಂಟನ್ನು ಜಗಲಿಯ ಮೇಲೆ ಇಟ್ಟರು. ಪ್ರತಿ ದೀಪಾವಳಿಗೆ ಪೂಜೆ ಮಾಡುತ್ತೇವೆ, ಬಿಚ್ಚಿ ನೋಡಿದವರು ಯಾರೂ ಇಲ್ಲ, ಓದಲು ನಮಗೆ ಬರುವುದಿಲ್ಲ ಎಂದರು. ಎಲ್ಲವೂ ಹಿಂದೆ ಮರಾಠಿ ಬರೆಯಲು ಬಳಸುತ್ತಿದ್ದ ಮೋಡಿ ಲಿಪಿಯಲ್ಲಿತ್ತು. ಮೊದಲು ಪುಟದ ಉದ್ದಕ್ಕೂ ಒಂದು ಗೆರೆ ಎಳೆದು, ಲೇಖನಿ ಎತ್ತದೆ, ಪದ ಪದಕ್ಕೆ ಜಾಗ ಬಿಡದೆ ಅಕ್ಷರಗಳನ್ನು ತೂಗುಬಿಟ್ಟಂತೆ ಬರೆಯುವ ಆ ಲಿಪಿಯನ್ನು ನೋಡಿದರೆ ನಮ್ಮಂಥವರಿಗೆ ಕಾಣುವುದು ಬಳ್ಳಿಯ ಹಾಗೆ ಹರಿದ ಶಾಯಿ ಮಾತ್ರ. ಶಕೆಯ ಅಂಕಿಗಳನ್ನಷ್ಟೇ ಗುರುತಿಸಿ, ಆ ವರ್ಷದ ಪುಟಗಳ ಫೋಟೋ ತೆಗೆದುಕೊಂಡು, ಧಾರವಾಡದಲ್ಲಿ ಮೋಡಿ ಬಲ್ಲ ಒಬ್ಬ ಹಿರಿಯರ ಬಳಿಗೆ ಒಯ್ದೆ. ಅವರ ಕಣ್ಣು ಆಗಲೇ ಮಂಜಾಗಿತ್ತು. ದಿನಕ್ಕೆ ಒಂದು ಪುಟಕ್ಕಿಂತ ಹೆಚ್ಚು ಓದಲಾರರು. ನಾಲ್ಕು ತಿಂಗಳ ಮೇಲೆ ಅವರು ಫೋನ್ ಮಾಡಿ, ಮಗಳ ಮದುವೆಯ ಖರ್ಚು ಸಿಕ್ಕಿತು ಎಂದರು. ಸೀರೆ, ಕುಬಸದ ಖಣ, ಬೆಲ್ಲ, ಬೇಳೆ, ಬಂಡಿಯ ಬಾಡಿಗೆ, ಹಂಡೆ ಒಂದು, ಕೊಡ ಎರಡು, ಹೆಸರು ಹಾಕಿಸಿದ ತಂಬಿಗೆ ಎರಡು. ಮಗಳ ಹೆಸರು ನಮ್ಮ ತಂಬಿಗೆಯ ಮೇಲಿನದೇ. ಹೆಣ್ಣು ಕೊಟ್ಟ ಊರು ನಮ್ಮದೇ, ಬೀಗರ ಹೆಸರು ನಮ್ಮ ಮುತ್ತಜ್ಜನ ತಂದೆಯದು. ಪರರ ಮನೆಯದೆಂದು ಬದಿಗಿಟ್ಟಿದ್ದ ಆ ತಂಬಿಗೆ ನಮ್ಮ ಮುತ್ತಜ್ಜಿ ತವರಿನಿಂದ ತಂದದ್ದು, ಅದರ ಮೇಲಿದ್ದದ್ದು ಆಕೆ ಹುಟ್ಟಿದ ಹೆಸರು. ನೂರಿಪ್ಪತ್ತು ವರ್ಷಕ್ಕೂ ಮಿಕ್ಕಿ ನಮ್ಮ ಮನೆಯೊಳಗೇ ಇದ್ದ ಆ ಹೆಸರನ್ನು ನಾವು ಒಬ್ಬರೂ ಕರೆದಿರಲಿಲ್ಲ. ಆ ದಿನ ನನ್ನ ಅಣ್ಣ ತಂಬಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ಮಾತಿಲ್ಲದೆ ಕುಳಿತಿದ್ದರು.

ಇಲ್ಲಿ ಹೆಳವರ ವಿಷಯ ಹೇಳದಿದ್ದರೆ ಅನ್ಯಾಯವಾಗುತ್ತದೆ. ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಕುಳಿತು ಗಂಟೆ ಬಾರಿಸುತ್ತ ಬಂದು, ಮನೆಯ ಮುಂದೆ ನಿಂತು ನಮ್ಮ ಹಿರಿಯರನ್ನು ತಲೆಮಾರಿನ ಮೇಲೆ ತಲೆಮಾರು ಹೆಸರಿಟ್ಟು ಕೊಂಡಾಡುವ ಹೆಳವರು ಉತ್ತರ ಕರ್ನಾಟಕದ ಬಹುಪಾಲು ಒಕ್ಕಲು ಮನೆತನಗಳ ವಂಶಾವಳಿಯನ್ನು ತಮ್ಮ ಹೊತ್ತಿಗೆಗಳಲ್ಲಿ ಕಾದಿಟ್ಟವರು. ಮೂಲ ಊರು ಯಾವುದು, ಬರ ಬಂದಾಗ ಎಲ್ಲಿಂದ ಎಲ್ಲಿಗೆ ಗುಳೆ ಹೋದರು, ಅಣ್ಣತಮ್ಮಂದಿರು ಯಾವಾಗ ಬೇರೆಯಾದರು ಎಂಬುದನ್ನು ಅವರು ಹೇಳುವ ರೀತಿ ಕೇಳಿದವರಿಗೇ ಗೊತ್ತು. 1876-78ರ ಮಹಾಬರವನ್ನು ನಮ್ಮ ಮನೆಯ ಹೆಳವರು ಇಸವಿಯಿಂದ ಹೇಳದೆ ಧಾತು, ಈಶ್ವರ ಸಂವತ್ಸರಗಳ ಹೆಸರಿನಿಂದಲೇ ಹೇಳುತ್ತಿದ್ದರು. ಕಾಳು, ಬಟ್ಟೆ, ಕೈಲಾದ ಕಾಣಿಕೆ ಕೊಟ್ಟು, ಆ ವರ್ಷ ಹುಟ್ಟಿದ ಮಕ್ಕಳ ಹೆಸರು ಬರೆಸಿ ಕಳುಹಿಸುವುದು ನಮ್ಮ ಅಜ್ಜನ ಕಾಲದವರೆಗೂ ತಪ್ಪದೆ ನಡೆದಿತ್ತು. ಈಗ ಪೇಟೆಯ ಅಪಾರ್ಟ್‌ಮೆಂಟಿನ ಬಾಗಿಲಿಗೆ ಅವರು ಬಂದರೆ ಕಾವಲುಗಾರ ಒಳಗೆ ಬಿಡುವುದಿಲ್ಲ. ನಮ್ಮ ಹೆಳವರು ಹನ್ನೊಂದು ವರ್ಷಗಳಿಂದ ಬಂದಿಲ್ಲ. ಮಗ ಗೋವಾಕ್ಕೆ ಕೆಲಸಕ್ಕೆ ಹೋಗಿದ್ದಾನೆಂದು ಯಾರೋ ಹೇಳಿದರು. ಅವರ ಹೊತ್ತಿಗೆಯಲ್ಲಿಯೂ ಎಳೆ ಗಂಡುಮಕ್ಕಳ ಮೇಲೆಯೇ ಸಾಗುತ್ತದೆ, ಹೆಂಡಿರ ತವರು ಕೆಲವು ಕಡೆ ಮಾತ್ರ ಬರುತ್ತದೆ ಎಂಬುದು ನಿಜ. ಆದರೂ ಯಾರ ಮನೆಗೆ ಇನ್ನೂ ಹೆಳವರು ಬರುತ್ತಿದ್ದಾರೋ ಅವರು ದಯವಿಟ್ಟು ಅವರನ್ನು ಗೌರವದಿಂದ ಕೂಡಿಸಿ, ಅವರ ಒಪ್ಪಿಗೆ ಕೇಳಿ, ಹೇಳುವುದನ್ನು ಪೂರ್ತಿಯಾಗಿ ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಳ್ಳಬೇಕು, ಕಾಣಿಕೆಯನ್ನೂ ಹಿಂದಿನ ಮನೆಗಳಂತೆ ಕೈತುಂಬ ಕೊಡಬೇಕು. ವಂಶಾವಳಿ ಕಾಯುವುದು ಅವರ ಕಸುಬು, ಅದರ ಬೆಲೆ ಅವರಿಗೆ ಸಲ್ಲಬೇಕಾದದ್ದು.

ಪಾತ್ರೆಯ ಜೊತೆಗೆ ಕೌದಿಯನ್ನೂ ಸೇರಿಸಿಕೊಳ್ಳಬೇಕೆಂದು ನನಗೆ ಅನ್ನಿಸಿದ್ದು ನನ್ನ ಸೋದರತ್ತೆಯಿಂದ. ಆಕೆಗೆ ಈಗ 91. ಹಳೆಯ ಕೌದಿಯೊಂದನ್ನು ಬಿಸಿಲಿಗೆ ಹಾಕಿದ್ದಾಗ ಆಕೆ ಅದರ ಮೇಲೆ ಬೆರಳಾಡಿಸುತ್ತ, ಇದು ಅವ್ವನ ಚಂದ್ರಕಾಳಿ ಸೀರೆ, ಈ ಗೋಮಿ ದಡಿ ದೊಡ್ಡವ್ವನದು, ಈ ಟೋಪತೆನಿ ಸೆರಗಿನ ಚೂರು ಚೊಚ್ಚಲ ಬಾಣಂತನದಲ್ಲಿ ತೀರಿಕೊಂಡ ಅಕ್ಕನ ಮದುವೆ ಸೀರೆಯದು ಎಂದು ಹೇಳುತ್ತ ಹೋದರು. ಆ ಅಕ್ಕನ ಫೋಟೋ ಇಲ್ಲ, ಆಕೆಯ ಹೆಸರು ಯಾವ ಕಾಗದದಲ್ಲಿಯೂ ಇಲ್ಲ. ನಾನು ಕೌದಿಯ ಚಿತ್ರ ಬರೆದು, ಪ್ರತಿ ತುಂಡಿಗೆ ಸಂಖ್ಯೆ ಹಾಕಿ, ಯಾರ ಸೀರೆ ಎಂಬುದನ್ನು ಎದುರಿಗೆ ಬರೆದುಕೊಂಡೆ. 34 ತುಂಡುಗಳಲ್ಲಿ 19 ಅತ್ತೆಗೆ ನೆನಪಿದ್ದವು. ಉಳಿದ 15 ತುಂಡುಗಳನ್ನು ಗುರುತಿಸಬಲ್ಲವರು ಈಗ ಇಲ್ಲ. ಹತ್ತು ವರ್ಷ ಮೊದಲೇ ಈ ಕೆಲಸ ಮಾಡಿದ್ದರೆ ನನ್ನ ತಾಯಿ ಹೇಳುತ್ತಿದ್ದರು. ಇದು ನನ್ನನ್ನು ಈಗಲೂ ನೋಯಿಸುವ ಮಾತು.

ಉಳಿಸುವ ರೀತಿಯ ಬಗ್ಗೆಯೂ ಅನುಭವದಿಂದ ಕಲಿತ ನಾಲ್ಕು ಮಾತು ಬರೆಯುವುದು ಅವಶ್ಯ. ಹಿತ್ತಾಳೆ ತಾಮ್ರಕ್ಕೆ ಹುಣಸೆಹಣ್ಣು ಹಚ್ಚಿ ಬೂದಿಯಿಂದ ತಿಕ್ಕುವುದರಿಂದ ಹೊಳಪು ಬರುತ್ತದೆ, ಜೊತೆಗೆ ಬರಹವೂ ವರ್ಷದಿಂದ ವರ್ಷಕ್ಕೆ ಸವೆಯುತ್ತದೆ. ಬರಹವಿರುವ ಭಾಗವನ್ನು ಮೆತ್ತನೆಯ ಬಟ್ಟೆಯಿಂದ ಒರೆಸಿದರೆ ಸಾಕು. ಅಕ್ಷರ ಮಸುಕಾಗಿದ್ದರೆ ಕತ್ತಲೆ ಕೋಣೆಯಲ್ಲಿ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿಯಬೇಕು. ಎದುರಿನಿಂದ ಬೆಳಕು ಬಿಟ್ಟಾಗ ಕಾಣದ ಚುಕ್ಕೆಗಳು ಆಗ ನೆರಳು ಚೆಲ್ಲಿ ಎದ್ದು ಕಾಣುತ್ತವೆ. ತೆಳುವಾದ ಕಾಗದ ಹಚ್ಚಿ ಪೆನ್ಸಿಲ್ಲನ್ನು ಮಲಗಿಸಿ ತಿಕ್ಕುವುದು ಇನ್ನೊಂದು ಉಪಾಯ. ಶಾಸನತಜ್ಞರು ಕಲ್ಲಿನಿಂದ ಪಡಿಯಚ್ಚು ತೆಗೆಯುವುದೂ ಹೆಚ್ಚುಕಡಿಮೆ ಇದೇ ತತ್ತ್ವದ ಮೇಲೆ. ಲಕ್ಕುಂಡಿಯ ಬಸದಿಯ ಬಳಿ 1007ರ ಶಾಸನದಲ್ಲಿ ಅತ್ತಿಮಬ್ಬೆಯ ಹೆಸರು ಉಳಿದಿರದಿದ್ದರೆ, ಆ ದಾನಚಿಂತಾಮಣಿಯ ಬಗ್ಗೆ ಇಂದು ಗದಗ ಜಿಲ್ಲೆಯ ನಾವು ಇಷ್ಟು ಅಭಿಮಾನದಿಂದ ಮಾತನಾಡುವುದು ಹೇಗೆ ಸಾಧ್ಯವಾಗುತ್ತಿತ್ತು? ಕಲ್ಲಿನಲ್ಲಿ ಬರೆಸುವ ಶಕ್ತಿಯಿಲ್ಲದ ಮನೆಗಳ ಹೆಣ್ಣುಮಕ್ಕಳಿಗೆ ಸಿಕ್ಕದ್ದು ಹಂಡೆಯ ಕಂಠ.

ಕಾಗದಗಳ ವಿಷಯದಲ್ಲಿ ನಾನೇ ಒಂದು ತಪ್ಪು ಮಾಡಿದ್ದೇನೆ. ಅಜ್ಜ ಪುಣೆಯಿಂದ ಬರೆದಿದ್ದ ಕಾಗದಗಳು ಹಾಳಾಗಬಾರದೆಂದು ಅವನ್ನೆಲ್ಲ ಪೇಟೆಯ ಒಂದು ಅಂಗಡಿಯಲ್ಲಿ ಲ್ಯಾಮಿನೇಶನ್ ಮಾಡಿಸಿದೆ. ಬಿಸಿಗೂ ಅಂಟಿಗೂ ಸಿಕ್ಕ ಆ ಕಾಗದಗಳು ಈಗ ಒಳಗೊಳಗೇ ಕಂದುತ್ತಿವೆ, ಬಿಡಿಸಲು ಹೋದರೆ ಹರಿಯುತ್ತವೆ. ದಯವಿಟ್ಟು ಯಾರೂ ಹಳೆಯ ಪತ್ರ, ಫೋಟೋ, ಜನ್ಮಪತ್ರಿಕೆಗಳನ್ನು ಲ್ಯಾಮಿನೇಶನ್ ಮಾಡಿಸಬೇಡಿರಿ, ಹರಿದಲ್ಲಿ ಸೆಲ್ಲೋಟೇಪು ಹಚ್ಚಬೇಡಿರಿ. ಮೊದಲು ಒಳ್ಳೆಯ ಬೆಳಕಿನಲ್ಲಿ ಎರಡೂ ಬದಿಯ ಫೋಟೋ ತೆಗೆದುಕೊಳ್ಳಿರಿ. ಕಾರ್ಡಿನ ಹಿಂಬದಿಯ ಅಂಚೆ ಮುದ್ರೆಯಲ್ಲಿ ಊರು, ತಾರೀಖು ಎರಡೂ ಸಿಗುವುದುಂಟು. ಆಮೇಲೆ ಹತ್ತಿಯ ತೊಳೆದ ಬಟ್ಟೆಯಲ್ಲಿ ಮಡಿಕೆ ಬಿಡಿಸಿ ಸುತ್ತಿ, ಗೋಡೆಗೆ ತಾಗದಂತೆ ಒಣ ಜಾಗದಲ್ಲಿ ಇಟ್ಟರೆ ಗೆದ್ದಲು, ತೇವ ಎರಡರಿಂದಲೂ ಬಹುಮಟ್ಟಿಗೆ ಪಾರಾಗುತ್ತವೆ. ಗಾಜಿಗೆ ಅಂಟಿಕೊಂಡ ಫೋಟೋವನ್ನು ಎಬ್ಬಿಸಲು ಹೋಗದೆ ಗಾಜಿನ ಮೇಲಿನಿಂದಲೇ ನಕಲು ತೆಗೆಯಬೇಕು. ಫೋಟೋದ ಹಿಂದೆ ಹೆಸರು ಬರೆಯುವುದಿದ್ದರೆ ಮೆತ್ತನೆಯ ಪೆನ್ಸಿಲ್ಲಿನಿಂದ, ಒತ್ತದೆ ಬರೆಯಬೇಕು. ಬಾಲ್‌ಪೆನ್ನಿನ ಗೆರೆ ಮುಂದಿನ ಮುಖದ ಮೇಲೆ ಮೂಡುತ್ತದೆ. ಬರೆಯುವಾಗ 'ಅಜ್ಜಿ' ಎಂದಷ್ಟೇ ಬರೆದರೆ ಮುಂದಿನ ತಲೆಮಾರಿಗೆ ಅದು ಯಾರ ಅಜ್ಜಿ ಎಂಬುದು ತಿಳಿಯುವುದಿಲ್ಲ, ಹಾಗಾಗಿ ಹುಟ್ಟಿದ ಹೆಸರು, ಮದುವೆಯ ಮೇಲಿನ ಹೆಸರು, ತವರೂರು, ಇಷ್ಟನ್ನು ಬರೆಯಿರಿ.

ಸಾರ್ವಜನಿಕ ಸಂಸ್ಥೆಗಳಿಂದಲೂ ಕೆಲವು ಕೆಲಸ ಆಗಬೇಕಾಗಿದೆ. ರಾಜ್ಯ ಸರಕಾರ ಭೂ ಸುರಕ್ಷಾ ಯೋಜನೆಯ ಅಡಿಯಲ್ಲಿ ತಾಲ್ಲೂಕು ಕಚೇರಿಗಳ ಹಳೆಯ ಕಡತಗಳನ್ನು ಸ್ಕ್ಯಾನ್ ಮಾಡಿಸುತ್ತಿರುವುದು ಬಹಳ ಒಳ್ಳೆಯ ಕೆಲಸ. ಮುಂಬಯಿ ಪ್ರಾಂತದ ಕಾಲದ ನಮ್ಮ ಕಡತಗಳಲ್ಲಿ ಮೋಡಿಯ ಹಾಳೆಗಳೂ ಇರುವುದರಿಂದ, ಅವುಗಳನ್ನು ಓದಿ ಕನ್ನಡದಲ್ಲಿ ಸೂಚಿ ಬರೆಯಬಲ್ಲವರನ್ನು ಈಗಲೇ ತಯಾರು ಮಾಡದಿದ್ದರೆ, ಚಿತ್ರಗಳು ಉಳಿದು ಓದುವವರು ಇಲ್ಲದಂತಾಗುತ್ತದೆ. ಸ್ವಾತಂತ್ರ್ಯದ ಆಸುಪಾಸಿನವರೆಗೆ ಮೋಡಿ ಬಲ್ಲವರು ಊರೂರಲ್ಲಿ ಇದ್ದರು. ನನಗೆ ಓದಿಕೊಟ್ಟ ಹಿರಿಯರು ಕಳೆದ ವರ್ಷ ತೀರಿಕೊಂಡರು. 1890ರಲ್ಲಿ ಹುಟ್ಟಿದ ಕರ್ನಾಟಕ ವಿದ್ಯಾವರ್ಧಕ ಸಂಘ, 1939ರಲ್ಲಿ ಆರಂಭವಾದ ಕನ್ನಡ ಸಂಶೋಧನಾ ಸಂಸ್ಥೆ ಇರುವ ಧಾರವಾಡದಲ್ಲಿ, ಮನೆಯ ಕಾಗದಗಳನ್ನು ಹಿಡಿದುಕೊಂಡು ಬರುವ ಸಾಮಾನ್ಯ ಜನರಿಗೆ ತಿಂಗಳಿಗೆ ಒಂದು ದಿನವಾದರೂ ಓದಿ ಹೇಳುವ ಏರ್ಪಾಡು ಆಗಬೇಕೆಂದು ನಾನು ಕೈಮುಗಿದು ಬೇಡುತ್ತೇನೆ. ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳಾದ ಅರಿವು ಕೇಂದ್ರಗಳಲ್ಲಿ ಒಂದು ದಪ್ಪ ನೋಟುಬುಕ್ಕು ಇಟ್ಟು, ಊರಿನ ಮನೆಗಳ ಪಾತ್ರೆಗಳ ಮೇಲಿನ ಹೆಸರು, ಊರು, ವರ್ಷಗಳನ್ನು ಶಾಲೆಯ ಮಕ್ಕಳಿಂದ ಬರೆಸಬಹುದು. ಇದಕ್ಕೆ ಅನುದಾನ ಬೇಕಾಗಿಲ್ಲ. ಸೂಟಿಯಲ್ಲಿ ಎರಡು ವಾರದ ಕೆಲಸ. ಮೂವತ್ತೊಂದು ವರ್ಷ ಪ್ರೌಢಶಾಲೆಯಲ್ಲಿ ಪಾಠ ಹೇಳಿದ ನನಗೆ, ಮಕ್ಕಳು ಇದನ್ನು ನಮಗಿಂತ ಚೆನ್ನಾಗಿ ಮಾಡುತ್ತಾರೆಂಬ ಬಗ್ಗೆ ಸಂದೇಹವಿಲ್ಲ. ಸಣ್ಣ ಅಕ್ಷರ ಅವರ ಕಣ್ಣಿಗೆ ಕಾಣುತ್ತದೆ, ಅಜ್ಜಿಯರೂ ಅವರು ಕೇಳಿದರೆ ಬೇಸರವಿಲ್ಲದೆ ಹೇಳುತ್ತಾರೆ.

ಸ್ಟೀಲ್ ಪಾತ್ರೆಗಳನ್ನೂ ಬಿಡಬಾರದು. ನಮ್ಮ ತಾಯಂದಿರ, ಅಕ್ಕಂದಿರ ಮದುವೆಗಳಲ್ಲಿ ಬಂದ ಸ್ಟೀಲ್ ತಾಟು, ಡಬ್ಬಿಗಳ ಮೇಲೆ ಮಶಿನ್ನಿನಿಂದ ಹಾಕಿಸಿದ ಹೆಸರು, ತಾರೀಖುಗಳು ಈಗಲೂ ಅಡಿಗೆಮನೆಗಳಲ್ಲಿ ಇವೆ. ಮುಯ್ಯ ಪಾಕೀಟಿನ ನೋಟಿಗೆ ತಿರುಗಿದ ಮೇಲೆ ಆ ರೂಢಿಯೂ ನಿಂತುಹೋಯಿತು. ಯಾವ ಮದುವೆಗೆ ಯಾರು ಬಂದಿದ್ದರು, ಯಾವ ಊರಿನವರ ಜೊತೆ ಒಡನಾಟವಿತ್ತು ಎಂಬುದರ ಕೊನೆಯ ಸಾಕ್ಷಿ ಈ ತಾಟುಗಳೇ.

ತಮ್ಮ ಪತ್ರಿಕೆಗೂ ನನ್ನದೊಂದು ವಿನಂತಿಯಿದೆ. ವಾರಕ್ಕೊಮ್ಮೆ ಅಂಗೈ ಅಗಲದ ಜಾಗ ಕೊಟ್ಟು, ಓದುಗರು ಕಳಿಸುವ ಒಂದು ಹಳೆಯ ಪಾತ್ರೆಯ ಬರಹವನ್ನು, ಒಂದು ಕೌದಿಯ ವಿವರವನ್ನು ಪ್ರಕಟಿಸಿದರೆ, ಒಬ್ಬರ ಮನೆಯ ಅಪರಿಚಿತ ಹೆಸರನ್ನು ಮತ್ತೊಂದು ಊರಿನವರು ಗುರುತಿಸುವ ಸಂಭವ ಬಹಳ ಇದೆ. ನಮ್ಮ ಮುತ್ತಜ್ಜಿಯ ತವರು ನನಗೆ ಸಿಕ್ಕದ್ದು ನಾಲ್ಕು ಸಲದ ಓಡಾಟ, ನಾಲ್ಕು ತಿಂಗಳ ಓದು, ಹಾಗೂ ಕಿರ್ದಿಯ ಗಂಟನ್ನು ರದ್ದಿಗೆ ಹಾಕದೆ ಪೂಜಿಸಿಕೊಂಡು ಬಂದ ಒಂದು ಮನೆಯವರ ಪುಣ್ಯದಿಂದ. ಎಲ್ಲರಿಗೂ ಅಷ್ಟು ಸಮಯ ಇರುವುದಿಲ್ಲ, ಅಂಥ ಗಂಟು ಸಿಗುವುದೂ ಇಲ್ಲ.

ಮೊದಲಿಗೆ ಹೇಳಿದ ಹಂಡೆ ಇಷ್ಟರೊಳಗೆ ಕರಗಿರಬಹುದು. ಅದರ ಬರಹದ ಪಡಿಯಚ್ಚು ನನ್ನ ಬಳಿ ಇದೆ. 1931ರ ವೈಶಾಖದಲ್ಲಿ ಹಾನಗಲ್ಲ ಸೀಮೆಯಿಂದ ಗದಗಿನ ಕಡೆಗೆ ಮಗಳನ್ನು ಕೊಟ್ಟ ನೆನಪು ಯಾರದಾದರೂ ಮನೆಯಲ್ಲಿ ಇದ್ದರೆ, ನನ್ನ ವಿಳಾಸವನ್ನು ತಮ್ಮ ಕಚೇರಿಯಲ್ಲಿ ಕೊಟ್ಟಿದ್ದೇನೆ. ಆಕೆಯ ಹೆಸರನ್ನು ಕೇಳಿಕೊಂಡು ಬಂದವರಿಗೆ ಆ ಕಾಗದವನ್ನು ನಾನೇ ಕೈಯಾರೆ ಕೊಡುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಪ್ರೌಢಶಾಲಾ ಶಿಕ್ಷಕ
ಬೆಟಗೇರಿ, ಗದಗ